ಕುರಿಮಂದೆ ಹಾಕಿದ್ದ ರೆಸಾರ್ಟು

ನನ್ನ ಟೈಲರಿಂಗ್ ಅಂಗಡಿ ತಾಳ್ಯದ ಬಸ್ ನಿಲ್ದಾಣದ ಎದುರಿಗೇ ಇದೆ. ಬಸ್ಸಿಗೆ ಕಾಯುವ ಹೆಂಗಸರೆಲ್ಲ ಬ್ಲೌಸಿನ ಅಳತೆ ಕೊಡುವ ನೆಪ ಹೇಳಿಕೊಂಡು ಒಳಗೆ ಬಂದು ಫ್ಯಾನಿನ ಕೆಳಗೆ ಕೂರುತ್ತಾರೆ. ಇದೇನು ಧರ್ಮಛತ್ರವೇ ಎಂದು ನಾನು ಬೈಯುತ್ತೇನೆ. ಅವರು ನಗುತ್ತಾರೆ, ಇನ್ನಷ್ಟು ಒತ್ತಿಕೊಂಡು ಮತ್ತೊಬ್ಬರಿಗೆ ಜಾಗ ಮಾಡಿಕೊಡುತ್ತಾರೆ.

ಅವತ್ತು ಬಿಂದು ಬಂದಿದ್ದಳು. ಚಿತ್ರದುರ್ಗದಲ್ಲಿ ಡಿಗ್ರಿ ಓದುವ ಹುಡುಗಿ, ಕೈಯಿಂದ ಫೋನು ಕೆಳಗಿಟ್ಟಿದ್ದನ್ನು ನಾನಂತೂ ನೋಡಿಲ್ಲ. ಅದನ್ನೇ ಉಜ್ಜುತ್ತ, "ನೀವೆಲ್ಲ ಇಲ್ಲಿಗಂಟ ಹೋಗಿರೋ ಜಾಗದಾಗೆ ಭಾರೀ ದುಬಾರಿ ಜಾಗ ಯಾವ್ದು, ಹೇಳ್ರಿ ನೋಡಾಣ" ಎಂದಳು.

ರೇಣುಕಮ್ಮನವರು ಕಾಯುತ್ತಲೇ ಇದ್ದವರ ಹಾಗೆ ಕಾಶಿಗೆ ವಿಮಾನದಲ್ಲಿ ಹೋದ ಕಥೆ ತೆಗೆದರು. ವಿಮಾನ ನಿಲ್ದಾಣದಲ್ಲಿ ಕುಡಿದ ಒಂದು ಕಾಫಿಯ ಬೆಲೆ ಪ್ರತಿ ಸಲ ಹೇಳುವಾಗಲೂ ಸ್ವಲ್ಪ ಏರುತ್ತದೆ. ನಾನು ದಾವಣಗೆರೆಯ ಆಸ್ಪತ್ರೆ ಎಂದೆ. ನನ್ನ ಗಂಡ ತಿಮ್ಮೇಶನಿಗೆ ಅಪೆಂಡಿಕ್ಸ್ ಆಪರೇಷನ್ ಆದ ಜಾಗ ಅದು. ಆಸ್ಪತ್ರೆ ಲೆಕ್ಕಕ್ಕಿಲ್ಲ ಎಂದು ಎಲ್ಲರೂ ಸೇರಿ ನನ್ನನ್ನು ಆಟದಿಂದ ಹೊರಗೆ ಹಾಕಿದರು. ಹಾಗಿದ್ದರೆ ನಾನು ಎಲ್ಲಿಗೂ ಹೋಗಿಲ್ಲ ಎಂದು ಮಿಷನ್ ತುಳಿಯತೊಡಗಿದೆ.

"ನನಗಂತೂ ಇಲ್ಲಿಗೆ ಹೋಗಬೇಕು ಅಂತ ಆಸೆ" ಎಂದು ಬಿಂದು ಒಂದು ಫೋಟೋ ತೋರಿಸಿದಳು. ಮಾರಿಕಣಿವೆ ಡ್ಯಾಮಿನ ಹಿನ್ನೀರಿನ ದಡದಲ್ಲಿ ಈಚಿನ ವರ್ಷಗಳಲ್ಲಿ ಆಗಿರುವ ರೆಸಾರ್ಟು. ನೀಲಿ ಈಜುಕೊಳ, ಹುಲ್ಲು, ಗಾಜಿನ ಮನೆಗಳು, ಹಿಂದೆ ಒಂದು ಗುಡ್ಡ. ಒಂದು ರಾತ್ರಿ ಇರಲು ಹದಿನೆಂಟು ಸಾವಿರವಂತೆ. ಫೋನು ಕೈಯಿಂದ ಕೈಗೆ ಹೋಗಿ ಕೊನೆಗೆ ಹೊಸ್ತಿಲ ಬಳಿ ಕೂತು ಬ್ಲೌಸಿಗೆ ಹುಕ್ಸ್ ಹಾಕುತ್ತಿದ್ದ ನಮ್ಮ ಅತ್ತೆ ಸಿದ್ದಕ್ಕನವರ ಕೈಗೆ ಬಂತು.

ಅತ್ತೆ ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಈ ಗುಡ್ಡ ನನಗೆ ಗೊತ್ತು" ಎಂದರು. "ಮೂಗು ಚಾಚಿಕೊಂಡು ಮಲಗಿರೋ ಹಂಗೈತಲ್ಲ, ಅದೇ. ಈ ಜಾಗದಾಗೆ ನಾವು ಮಲಗಿದೀವಿ. ಒಂದು ರಾತ್ರಿ ಅಲ್ಲ, ವರ್ಷಾ ವರ್ಷಾ ಮಲಗಿದೀವಿ. ನಾವು ದುಡ್ಡು ಕೊಡಲಿಲ್ಲ. ಮಲಗಿದ್ದಕ್ಕೆ ಹೊಲದೋರೇ ನಮಗೆ ರಾಗಿ ಕೊಡ್ತಿದ್ರು."

ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಅತ್ತೆ ಹೇಳಿದ್ದು ಸುಳ್ಳೇನಲ್ಲ. ನಮ್ಮದು ಕುರಿ ಸಾಕುವವರ ಮನೆ. ಸುಗ್ಗಿ ಮುಗಿದ ಮೇಲೆ ಮಾವ ಚಿತ್ರಲಿಂಗಪ್ಪನವರು ಕುರಿ ಹೊಡೆದುಕೊಂಡು ಹೊಸದುರ್ಗ, ಹಿರಿಯೂರು ಕಡೆ ಹೋಗುತ್ತಿದ್ದರು. ಯಾರದೋ ಹೊಲದಲ್ಲಿ ಮಂದೆ ಹಾಕುತ್ತಿದ್ದರು, ಅಂದರೆ ರಾತ್ರಿ ಕುರಿಗಳನ್ನೆಲ್ಲ ಅಲ್ಲೇ ಕೂಡಿ ಮಲಗಿಸುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತಲ್ಲ ಎಂದು ಹೊಲದವರು ಕಾಳು ಕೊಡುತ್ತಿದ್ದರು. ಮಾವ ಕಂಬಳಿ ಹಾಸಿ ಮಲಗಿದ ಜಾಗದಲ್ಲಿ ಈಗ ಹದಿನೆಂಟು ಸಾವಿರ ಕೊಟ್ಟು ಮಲಗುತ್ತಾರೆ ಎಂದರೆ ಯಾರಿಗೆ ನಗು ಬರುವುದಿಲ್ಲ?

ಅತ್ತೆ ಮಾತ್ರ ನಗಲಿಲ್ಲ. ಫೋನು ವಾಪಸು ಕೊಡುವ ಮೊದಲು, "ಇದರಾಗೆ ಒಂದು ಬೇವಿನ ಮರ ಕಾಣಿಸ್ತೈತಾ ನೋಡವ್ವ" ಎಂದು ಬಿಂದುವಿಗೆ ಹೇಳಿದರು. ಬಿಂದು ಫೋಟೋಗಳನ್ನೆಲ್ಲ ಸರಿಸಿ ನೋಡಿದಳು. ಮರ ಕಾಣಿಸಲಿಲ್ಲ. ಅತ್ತೆ ಸೂಜಿಗೆ ದಾರ ಪೋಣಿಸತೊಡಗಿದರು, ದಾರ ಮಾತ್ರ ಎಷ್ಟು ಹೊತ್ತಾದರೂ ಸೂಜಿಯ ಕಣ್ಣಿಗೆ ಹೋಗಲಿಲ್ಲ.

ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಹಾಕಿ ಊಟಕ್ಕೆ ಕೂತೆವು. ಅತ್ತೆ ಮುದ್ದೆ ಮುರಿಯದೆ ಕೂತಿದ್ದರು.

"ರೋಜಾ, ಆ ಜಾಗದೊಳಗೆ ನಮ್ಮಂಥೋರನ್ನ ಬಿಡ್ತಾರಾ?"

"ಯಾಕತ್ತೆ? ಅಲ್ಲೇನೈತೆ?"

"ನನ್ನ ಕೂಸೈತೆ" ಎಂದರು.

ನಾನು ಈ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾಯಿತು. ಯಾರಾದರೂ ನಿಮಗೆ ಎಷ್ಟು ಮಕ್ಕಳು ಎಂದು ಕೇಳಿದರೆ ಅತ್ತೆ ಒಂದು ಸಲ ಉಗುಳು ನುಂಗಿ, ಆಮೇಲೆ ಒಬ್ಬನೇ ಎನ್ನುತ್ತಿದ್ದರು. ಒಬ್ಬನೇ ಮಗ ಎನ್ನಲು ಇಷ್ಟೇಕೆ ತಡ ಎಂದು ನನಗೆ ಅನ್ನಿಸುತ್ತಿತ್ತು, ಕೇಳಿರಲಿಲ್ಲ. ಅವತ್ತು ಕೇಳದೆಯೇ ಹೇಳಿದರು.

ತಿಮ್ಮೇಶನಿಗಿಂತ ಮೊದಲು ಒಂದು ಹೆಣ್ಣು ಮಗು. ಕುರಿಯ ಜೊತೆ ಹೊರಟಿದ್ದಾಗ ಹೊಸದುರ್ಗದ ಕಡೆ ದಾರಿಯಲ್ಲೇ ಹೆರಿಗೆಯಾಯಿತು. ತೊಟ್ಟಿಲು ಎಲ್ಲಿಂದ ಬರಬೇಕು, ಕಂಬಳಿಯಲ್ಲಿ ಜೋಳಿಗೆ ಕಟ್ಟಿ ಬೆನ್ನಿಗೆ ಹಾಕಿಕೊಂಡು ನಡೆದರು. ನಮ್ಮ ಮನೆಯಲ್ಲಿ ಮಗುವಿಗೆ ಹೆಸರಿಡುವುದು ಊರಿಗೆ ಬಂದ ಮೇಲೆ, ಬೀರಪ್ಪನ ಗುಡಿಯ ಮುಂದೆ. ಅಲ್ಲಿಯವರೆಗೆ ಕೂಸು ಎಂದೇ ಕರೆಯಬೇಕು, ಮನಸ್ಸಿನಲ್ಲಿ ಕೂಡ ಇನ್ನೊಂದು ಹೆಸರು ಹಿಡಿಯಬಾರದು. ಕೂಸು ಊರಿಗೆ ಬರಲಿಲ್ಲ. ಮಾರಿಕಣಿವೆಯ ಹಿಂದಿನ ಆ ಹೊಲದಲ್ಲಿ ಮಂದೆ ಹಾಕಿದ್ದಾಗ ಜ್ವರ ಬಂತು.

"ಹಿರಿಯೂರು ಆಸ್ಪತ್ರೆಗೆ ಅಂತ ಹೊಂಟೋರು ಅರ್ಧ ದಾರಿಗೇ ತಿರುಗಿ ಬಂದ್ವಿ" ಎಂದರು ಅತ್ತೆ. "ಹೊಲದ ಅಂಚಿಗೆ ಒಂದು ಬೇವಿನ ಸಸಿ ಇತ್ತು. ಅದರ ಬುಡದಾಗೆ ನಿಮ್ಮ ಮಾವ ಗುಣಿ ತೆಗೆದ್ರು. ನಾಯಿ ನರಿ ಕೆದಕಬಾರ್ದು ಅಂತ ಹಳ್ಳದಿಂದ ಒಂದು ಬಿಳಿ ಕಲ್ಲು ಹೊತ್ಕಂಬಂದು ಇಟ್ರು. ನಾನು ಅರಿಶಿನ ಹಚ್ಚಿದೆ. ಆಮೇಲೆ ಪ್ರತಿ ವರ್ಷ ಅಲ್ಲಿ ಮಂದೆ ಹಾಕ್ದಾಗ ಹಚ್ತಿದ್ದೆ. ಕುರಿ ಮಾರಿದ ಮೇಲೆ ಹೋಗಾಕೆ ಆಗಲಿಲ್ಲ. ಹೊಲನೂ ಮಾರಿದ್ರಂತೆ, ಕಾಂಪೌಂಡ್ ಹಾಕಿದ್ರಂತೆ. ಆ ಕಲ್ಲು ಎಲ್ಲೈತೆ ಅಂತ ಗೊತ್ತಿದ್ದೋರು ನಾವಿಬ್ರೇ. ಹೋದ ವರ್ಷ ನಿಮ್ಮ ಮಾವನೂ ಹೋದ್ರು. ನಾನೂ ಹೋದ ಮೇಲೆ ಅದು ಅಲ್ಲಿತ್ತು ಅನ್ನೋದೇ ಯಾರಿಗೂ ಗೊತ್ತಿರಲ್ಲ. ಆ ನೀಲಿ ನೀರಿನ ಗುಂಡೀನ ಎಲ್ಲಿ ತೋಡಿದಾರೋ, ಅದೇ ನನಗೆ ಹೆದರಿಕೆ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲದೆ ಬಂದ ಸಿಟ್ಟು. ಕೈ ತೊಳೆದವಳೇ ಬಿಂದುವಿನಿಂದ ನಂಬರು ತೆಗೆದುಕೊಂಡು ರೆಸಾರ್ಟಿಗೆ ಫೋನು ಮಾಡಿದೆ. ಒಂದೇ ಒಂದು ಗಳಿಗೆ ಒಳಗೆ ಬಂದು ಒಂದು ಮರ ನೋಡಿಕೊಂಡು ಹೋಗುತ್ತೇವೆ ಎಂದೆ. ರೂಮು ಬುಕ್ ಮಾಡಿದವರಿಗೆ ಮಾತ್ರ ಪ್ರವೇಶ ಎಂದು ಒಂದು ಹೆಣ್ಣುದನಿ ಜೇನು ಸುರಿಸಿ ಹೇಳಿತು. ಎರಡನೇ ಸಲ ಕೇಳಿದಾಗಲೂ ಅಷ್ಟೇ ಜೇನು ಸುರಿಸಿ ಅದನ್ನೇ ಹೇಳಿತು.

ಓವರ್‌ಲಾಕ್ ಮಿಷನ್ ಕೊಳ್ಳಲು ನಾನು ಒಂದು ಚೀಟಿ ಕಟ್ಟುತ್ತಿದ್ದೆ. ಅದನ್ನು ಎತ್ತಿದೆ. ಸಂಜೆ ತಿಮ್ಮೇಶ ಬಂದಾಗ, "ನಾವು ರೆಸಾರ್ಟಿಗೆ ಹೋಗ್ತಿದೀವಿ, ರೂಮು ಬುಕ್ ಆಗೈತೆ" ಎಂದೆ.

"ತಲೆಗಿಲೆ ಕೆಟ್ಟೈತೇನೇ ನಿಂಗೆ?" ಎಂದ.

ವಿಷಯ ಹೇಳಿದೆ. ಅವನು ಗೋಡೆಗೆ ಒರಗಿ ಕೂತ. "ನನಗೊಬ್ಳು ಅಕ್ಕ ಇದ್ಲಾ?" ಎಂದು ಕೇಳಿದ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ತನ್ನ ಗೂಡ್ಸ್ ಗಾಡಿಯನ್ನು ಆಯುಧ ಪೂಜೆಗೆ ತೊಳೆಯುವ ಹಾಗೆ ತೊಳೆಯುತ್ತಿದ್ದ. ಈರುಳ್ಳಿ ಸಿಪ್ಪೆಯೊಂದು ಉಳಿಯದಂತೆ ಗುಡಿಸಿದ್ದ. ಇಂಥ ಗಂಡನನ್ನು ನಾನು ಎಷ್ಟು ಬೈದರೂ ಒಳಗೊಳಗೆ ಇಷ್ಟಪಡುವುದು ಇದಕ್ಕೇ.

ಶುಕ್ರವಾರ ಹೊರಟೆವು. ಅತ್ತೆ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಸೆರಗಿನ ತುದಿಯಲ್ಲಿ ಅರಿಶಿನದ ಪೊಟ್ಟಣ ಕಟ್ಟಿಕೊಂಡು, ಮಾವನ ಕಂಬಳಿಯನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಹಿರಿಯೂರಿನಲ್ಲಿ ಎಳನೀರು ಕುಡಿಯೋಣ ಎಂದರೆ ಬರುವಾಗ ಕುಡಿಯಾಣ ಎಂದರು. ಒಂದು ವೇಳೆ ಕಲ್ಲು ಇಲ್ಲದಿದ್ದರೆ ಬರುವಾಗ ಇವರನ್ನು ಹೇಗೆ ಕರೆದುಕೊಂಡು ಬರುವುದು ಎಂದು ನನಗೆ ದಾರಿಯುದ್ದಕ್ಕೂ ಅದೇ ಯೋಚನೆ.

ರೆಸಾರ್ಟಿನ ಗೇಟಿನಲ್ಲಿ ಕಾವಲಿನವನು ನಮ್ಮ ಗಾಡಿ ನೋಡಿದವನೇ, "ತರಕಾರಿ ಗಾಡಿ ಹಿಂದ್ಲ ಗೇಟಿಗೆ" ಎಂದು ಕೈ ಬೀಸಿದ. ನಾನು ಇಳಿದೆ. ಬುಕಿಂಗಿನ ಮೆಸೇಜನ್ನು ಅವನ ಮೂಗಿನ ಹತ್ತಿರ ಹಿಡಿದು, "ತರಕಾರಿ ಅಲ್ಲಪ್ಪ, ಗೆಸ್ಟು. ಬಾಗಿಲು ತೆಗಿ" ಎಂದೆ. ಪಾಪ, ಅವನ ತಪ್ಪೇನೂ ಇಲ್ಲ, ಆ ಗಾಡಿ ನಿನ್ನೆಯವರೆಗೂ ತರಕಾರಿಯದೇ.

ಒಳಗೆ ಗುರುರಾಜ್ ಎಂಬ ಹುಡುಗ ಟೈ ಕಟ್ಟಿಕೊಂಡು ನಿಂತಿದ್ದ. ತಣ್ಣಗಿನ ಶರಬತ್ತು ಕೊಟ್ಟು, ಅತ್ತೆಯ ಕಂಬಳಿಯನ್ನು ಎತ್ತಿಕೊಳ್ಳಲು ಕೈ ಚಾಚಿದ. ಅತ್ತೆ ಕೊಡಲಿಲ್ಲ. ಗಾಜಿನ ಮನೆಯ ಬಾಗಿಲು ತೆಗೆದು ಹಾಸಿಗೆ, ಸ್ನಾನದ ತೊಟ್ಟಿ, ಎಲ್ಲ ತೋರಿಸಿದ. ಅತ್ತೆ ಹೊಸ್ತಿಲು ದಾಟದೆ ಹೊರಗೆ ನಿಂತು ಗುಡ್ಡವನ್ನೇ ನೋಡುತ್ತಿದ್ದರು.

"ಗುಡ್ಡದ ಮೂಗು ಎಡಕ್ಕಿರಬೇಕು, ನೀರು ಬೆನ್ನಿಗಿರಬೇಕು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ನಡೆಯತೊಡಗಿದರು. ಮಂಡಿನೋವಿನ ಹೆಂಗಸು, ನಾವು ಹಿಂದೆ ಓಡುವಂತಾಯಿತು. ಗುರುರಾಜ್ ಕೂಡ ಬಂದ.

ಮೊದಲು ಸಿಕ್ಕಿದ್ದು ಈಜುಕೊಳ. ಅತ್ತೆ ಅದರ ದಡದಲ್ಲಿ ನಿಂತುಬಿಟ್ಟರು. ಗುಡ್ಡ ನೋಡಿದರು, ನೀರು ನೋಡಿದರು, ಮತ್ತೆ ಗುಡ್ಡ ನೋಡಿದರು. ತಿಮ್ಮೇಶ ಅವ್ವನ ಮುಖ ನೋಡಲಾರದೆ ಬೇರೆ ಕಡೆ ತಿರುಗಿದ.

"ಇದಲ್ಲ. ಇಲ್ಲಿ ಬಾವಿ ಇತ್ತು" ಎಂದರು. "ಇನ್ನೂ ಮುಂದೆ."

ಅಲ್ಲಿಂದ ಕಲ್ಲು ಹಾಸಿದ ದಾರಿ. ದಾರದಿಂದ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತಿದ್ದ ದಾರಿ ಒಂದು ಕಡೆ ಇದ್ದಕ್ಕಿದ್ದ ಹಾಗೆ ಸೊಟ್ಟಗೆ ತಿರುಗಿ, ಸುತ್ತಿಕೊಂಡು ಮತ್ತೆ ನೆಟ್ಟಗಾಗಿತ್ತು. ಆ ತಿರುವಿನ ನಡುವೆ ದೊಡ್ಡ ಬೇವಿನ ಮರ. ಮರದ ಬುಡದಲ್ಲಿ ಬಿಳಿ ಕಲ್ಲು. ಕಲ್ಲಿನ ಮೇಲೆ ಅರಿಶಿನ, ಕುಂಕುಮ, ಸೇವಂತಿಗೆ. ಕೆಳಗಿನ ಕೊಂಬೆಗಳ ತುಂಬ ಪುಟ್ಟ ಪುಟ್ಟ ತೊಟ್ಟಿಲುಗಳು. ತೆಂಗಿನ ಚಿಪ್ಪಿನವು, ರವಿಕೆ ಬಟ್ಟೆಯವು, ಒಂದೆರಡು ಮರದವು. ಗಾಳಿಗೆ ಎಲ್ಲವೂ ತೂಗುತ್ತಿದ್ದವು.

ಅತ್ತೆ ಹೋಗಿ ಕಲ್ಲಿನ ಪಕ್ಕ ನೆಲದ ಮೇಲೆ ಕೂತರು. ನಾನೂ ಕೂತೆ.

"ತುಂಬಾ ಪವರ್‌ಫುಲ್ ದೇವಿ, ಮೇಡಂ. ಐನೂರು ವರ್ಷದ ಹಿಂದಿಂದು. ನಮ್ಮ ಗೆಸ್ಟ್‌ಗಳೆಲ್ಲ ಇಲ್ಲಿ ಫೋಟೋ ತಗೋತಾರೆ" ಎಂದ ಗುರುರಾಜ್. ನಾನು ಅವನನ್ನು ನೋಡಿದ ರೀತಿಗೋ ಏನೋ, ಏನಾದರೂ ಬೇಕಿದ್ದರೆ ಫೋನ್ ಮಾಡಿ ಎಂದು ಹೇಳಿ ಹೊರಟುಹೋದ.

ಅವನು ಹೋದ ಮೇಲೆ ತಿಮ್ಮೇಶ ಚಪ್ಪಲಿ ಬಿಟ್ಟು ಹತ್ತಿರ ಬಂದು ಕಲ್ಲನ್ನು ಮುಟ್ಟಿದ.

ಅಷ್ಟರಲ್ಲಿ ಒಬ್ಬ ಹೆಂಗಸು ಬುಟ್ಟಿ ಹಿಡಿದು ಬಂದಳು. ತೋಟದ ಕೆಲಸದವರ ಹಸಿರು ಕೋಟು ಸೀರೆಯ ಮೇಲೆ ಹಾಕಿಕೊಂಡಿದ್ದಳು. ಹುಲಿಗೆಮ್ಮ ಎಂದು ಹೆಸರು, ಪಕ್ಕದ ಹಳ್ಳಿಯವಳು. ನಮ್ಮನ್ನು ನೋಡಿ, "ಕುಂತ್ಕಳ್ರಿ, ಕುಂತ್ಕಳ್ರಿ, ಏಳಬ್ಯಾಡ್ರಿ" ಎನ್ನುತ್ತ ಹಳೆಯ ಹೂವು ತೆಗೆದು ಹೊಸ ಹೂವು ಇಡತೊಡಗಿದಳು.

"ದಿನಾ ನೀನೇ ಇಡ್ತೀಯೇನವ್ವ?" ಎಂದರು ಅತ್ತೆ. ದನಿ ಎಲ್ಲಿಂದಲೋ ಬಂದ ಹಾಗಿತ್ತು.

"ದಿನಾ ಇಡ್ತೀನಿ. ಶುಕ್ರವಾರ ದೀಪ. ಈ ದಾರಿ ಮಾಡೋವಾಗ ಜೆಸಿಬಿಯೋನು ಬಂದು ಕಲ್ಲಿನ ಮೇಲೆ ಅರಿಶಿನ ನೋಡ್ದ. ಇಳಿದು ಕೈಮುಗಿದು, ನಾನು ಮುಟ್ಟಲ್ಲ ಅಂದುಬಿಟ್ಟ. ಓನರ್ರೂ ಹೆದರಿ ದಾರೀನೇ ತಿರುಗಿಸಿದ್ರು. ಯಾವ ದೇವ್ರು ಅಂತ ಯಾರಿಗೂ ಗೊತ್ತಿಲ್ಲ. ನೆರಳಾಗೆ ಕುಂತದಾಳೆ ಅಂತ ನಾವೇ ನೆರಳಮ್ಮ ಅಂತ ಕರೆದ್ವಿ. ನನ್ನ ಮಗಳಿಗೆ ಮಕ್ಕಳು ನಿಲ್ತಿರಲಿಲ್ಲ. ಮೊದಲ ತೊಟ್ಲು ಕಟ್ಟಿದ್ದು ನಾನೇ. ಈಗ ಮೊಮ್ಮಗ ಅಂಗನವಾಡಿಗೆ ಹೋಗ್ತಾನೆ. ಅವಾಗಿಂದ ನೋಡ್ರಿ, ಸುತ್ತಿನ ಹಳ್ಳಿಯೋರು ನನ್ನ ಕೈಯಾಗೆ ತೊಟ್ಲು ಕೊಟ್ಟು ಕಳಿಸ್ತಾರೆ."

ಜೆಸಿಬಿಯವನು ನೋಡಿದ ಆ ಅರಿಶಿನ ಅತ್ತೆ ಕೊನೆಯ ಸಲ ಬಂದಾಗ ಹಚ್ಚಿದ್ದು. ನಾಯಿ ನರಿಗೆ ಇಟ್ಟ ಕಲ್ಲು ಜೆಸಿಬಿಯನ್ನೂ ತಡೆದಿತ್ತು. ಇದು ಹೊಳೆದದ್ದೇ ನನಗೆ ಅಳು ತಡೆಯಲಾಗಲಿಲ್ಲ. ಅತ್ತೆಯ ಕಣ್ಣೂ ಸುರಿಯುತ್ತಿತ್ತು.

ಹುಲಿಗೆಮ್ಮ ಗಾಬರಿಯಾದಳು. "ಯಾಕಮ್ಮ? ಏನಾಯ್ತು?"

ಅತ್ತೆ ಬಾಯಿ ತೆರೆದರು. ನಾನು ಅವರ ಕೈ ಗಟ್ಟಿಯಾಗಿ ಒತ್ತಿದೆ. ಹೇಳಬೇಡಿ ಎಂದು ಒತ್ತಿದೆ. ಇದು ದೇವರಲ್ಲ, ಮಗುವನ್ನು ಮಣ್ಣು ಮಾಡಿದ ಜಾಗ ಎಂದು ಆಫೀಸಿಗೆ ತಿಳಿದರೆ ನಾಳೆ ಬೆಳಗಾಗುವುದರೊಳಗೆ ಕಲ್ಲು ಕಿತ್ತು ಎಸೆಯುತ್ತಾರೆ. ದುಡ್ಡು ಕೊಟ್ಟು ಸುಖಪಡಲು ಬಂದವರ ಪಕ್ಕದಲ್ಲಿ ಸಮಾಧಿ ಯಾರಿಗೆ ಬೇಕು? ದೇವರಾಗಿಯೇ ಇರಲಿ, ಬದುಕಿಕೊಳ್ಳಲಿ ಎಂದು ನನ್ನ ಯೋಚನೆ.

ಅತ್ತೆ ನನ್ನ ಕೈ ಬಿಡಿಸಿಕೊಂಡರು.

"ನೀನು ದಿನಾ ಹೂವು ಇಟ್ಟೋಳು. ನಿನಗೆ ಸುಳ್ಳು ಹೇಳಬಾರ್ದು" ಎಂದರು. "ಇದು ದೇವ್ರಲ್ಲ ಕಣವ್ವ. ನನ್ನ ಕೂಸು. ಕುರಿ ಹೊಡ್ಕಂಡು ಬಂದಾಗ ಇಲ್ಲೇ ಬಿಟ್ಟು ಹೋದ್ವಿ."

ಹುಲಿಗೆಮ್ಮನ ಕೈಯಲ್ಲಿದ್ದ ಹೂವು ಅಲ್ಲೇ ನಿಂತಿತು. ಅವಳು ಕಲ್ಲು ನೋಡಿದಳು, ತಲೆ ಎತ್ತಿ ತೊಟ್ಟಿಲುಗಳನ್ನು ನೋಡಿದಳು, ತಾನು ಕಟ್ಟಿದ ಚಿಪ್ಪಿನ ತೊಟ್ಟಿಲನ್ನೂ ನೋಡಿದಳು. ಕೆಟ್ಟೆವು ಎಂದುಕೊಂಡೆ. ಅವಳು ನಿಧಾನಕ್ಕೆ ಬುಟ್ಟಿ ಪಕ್ಕಕ್ಕಿಟ್ಟು ಅತ್ತೆಯ ಎದುರಿಗೆ ನೆಲದ ಮೇಲೆ ಕೂತಳು.

"ಗಂಡಾ, ಹೆಣ್ಣಾ?"

"ಹೆಣ್ಣು."

"ಏನು ಹೆಸರು ಇಟ್ಟಿದ್ರಿ?"

"ಇಡಲಿಲ್ಲ. ಊರಿಗೆ ಹೋದ ಮೇಲೆ ಇಡಬೇಕಿತ್ತು. ಹೋಗಲಿಲ್ಲವಲ್ಲ."

"ಹಂಗಾದ್ರೆ ನಾವೇ ಇಟ್ಟಂಗಾಯ್ತು" ಎಂದಳು ಹುಲಿಗೆಮ್ಮ. ಕೈಯಲ್ಲಿದ್ದ ಹೂವನ್ನು ಕಲ್ಲಿನ ಮೇಲಿಟ್ಟಳು. "ಆಫೀಸಿನೋರಿಗೆ ಹೇಳಾದು ಬ್ಯಾಡ, ಅವರಿಗೆ ಫೋಟೋಕ್ಕೊಂದು ದೇವ್ರು ಇದ್ರೆ ಸಾಕು. ನನಗೆ ಹೇಳಿದ್ದು ಒಳ್ಳೇದಾಯ್ತು ಕಣಮ್ಮ. ಇಷ್ಟು ದಿನ ಬರೀ ಹೂವು ಇಡ್ತಿದ್ದೆ. ಕೂಸು ಅಂತ ಗೊತ್ತಿದ್ರೆ ಹಾಲು ಇಡ್ತಿದ್ದೆ. ನಾಳೆಯಿಂದ ಇಡ್ತೀನಿ."

ಅತ್ತೆ ಅವಳ ಎರಡೂ ಕೈ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಸೆರಗಿನ ಪೊಟ್ಟಣ ಬಿಚ್ಚಿ ಕಲ್ಲಿಗೆ ಅರಿಶಿನ ಹಚ್ಚಿದರು. ಮಗುವಿಗೆ ಎಣ್ಣೆ ಹಚ್ಚುವವರ ಹಾಗೆ ಮೆಲ್ಲಗೆ, ಒಂದು ಮೂಲೆಯೂ ಬಿಡದೆ ಹಚ್ಚಿದರು. "ನೆರಳಮ್ಮ" ಎಂದು ಒಂದು ಸಲ ಕರೆದು ನೋಡಿದರು. ಬಾಯಿಗೆ ಹೊಂದುತ್ತದೆಯೇ ಎಂದು ನೋಡಿದ ಹಾಗಿತ್ತು. ಇನ್ನೊಂದು ಸಲ ಕರೆದರು.

ನನ್ನ ಬ್ಯಾಗಿನಲ್ಲಿ ಸಣ್ಣ ಕತ್ತರಿ, ಸೂಜಿ, ದಾರ ಯಾವಾಗಲೂ ಇರುತ್ತವೆ. ಮಾವನ ಕಂಬಳಿಯ ಅಂಚಿನಿಂದ ಒಂದು ತುಂಡು ಕತ್ತರಿಸಿ ಅಲ್ಲೇ ಕೂತು ಪುಟ್ಟ ಜೋಳಿಗೆ ಹೊಲಿದೆ. ಕಂಬಳಿ ಒರಟು, ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಮದುವಣಗಿತ್ತಿಯರ ಬ್ಲೌಸು ಎಷ್ಟೋ ಹೊಲಿದಿದ್ದೇನೆ, ಅಷ್ಟು ಜಾಗ್ರತೆಯಿಂದ ಯಾವುದನ್ನೂ ಹೊಲಿದಿರಲಿಲ್ಲ. ತಿಮ್ಮೇಶ ಕೊಂಬೆ ಬಗ್ಗಿಸಿ ಅದನ್ನು ಕಟ್ಟಿದ. ಕಟ್ಟಿ, ಬೆರಳಿನಿಂದ ಒಂದು ಸಲ ತೂಗಿದ.

ಹೊತ್ತು ಇಳಿಯುವವರೆಗೂ ಅತ್ತೆ ಕಂಬಳಿ ಹಾಸಿಕೊಂಡು ಆ ಮರದ ಕೆಳಗೇ ಮಲಗಿದ್ದರು. ಗುರುರಾಜ್ ಬಂದು, ಅಜ್ಜಿ ರೂಮಿನಲ್ಲಿ ಎಸಿ ಇದೆ ಎಂದ. ಅತ್ತೆ ನಕ್ಕು, "ನಮಗೆ ಈ ಜಾಗ ರೂಢಿ ಐತೆ ಕಣಪ್ಪ" ಎಂದರು. ಗಾಜಿನ ಮನೆಯಲ್ಲಿ ನಾನು ಮಾತ್ರ ಸ್ನಾನದ ತೊಟ್ಟಿಯ ತುಂಬ ಬಿಸಿನೀರು ಬಿಟ್ಟುಕೊಂಡು ಕೂತೆ. ಚೀಟಿ ಎತ್ತಿದವಳು ನಾನು, ಅಷ್ಟೂ ಬೇಡವೇ?

ಬರುವಾಗ ಹಿರಿಯೂರಿನಲ್ಲಿ ಎಳನೀರು ಕುಡಿದೆವು. ಅತ್ತೆ ಕಾಯಿಯೊಳಗಿನ ಗಂಜಿಯನ್ನೂ ಬಿಡದೆ ತಿಂದರು.

ಮರುವಾರ ಅಂಗಡಿ ಎಂದಿನಂತೆ ತುಂಬಿತ್ತು. ರೇಣುಕಮ್ಮನವರು, "ದುಬಾರಿ ಜಾಗಕ್ಕೆ ಹೋಗಿ ಬಂದ್ರಂತೆ ಸಿದ್ದಕ್ಕ, ಹೆಂಗೈತೆ?" ಎಂದು ಕೇಳಿದರು. ಕಾಶಿಯ ಕಾಫಿಯನ್ನು ಮೀರಿಸುವ ಜಾಗ ಇದೆಯೇ ಎಂಬ ಅನುಮಾನ ಆ ದನಿಯಲ್ಲಿತ್ತು.

"ಚೆನ್ನಾಗಿ ನೋಡ್ಕಂತಾರೆ" ಎಂದರು ಅತ್ತೆ, ಹುಕ್ಸ್ ಹಾಕುತ್ತ.

ಹೊಳಲ್ಕೆರೆ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೊಸ ಹೆಂಗಸು ಒಳಗೆ ಬಂದು ಅತ್ತೆಯ ಪಕ್ಕ ಕೂತಳು. ಊರು ಯಾವುದು, ಮನೆ ಎಲ್ಲಿ ಎಂದೆಲ್ಲ ಕೇಳಿ, ಕೊನೆಗೆ ಎಲ್ಲರೂ ಕೇಳುವುದನ್ನೇ ಕೇಳಿದಳು. "ಮಕ್ಕಳೆಷ್ಟಜ್ಜಿ ನಿಮಗೆ?"

ನನ್ನ ಕಾಲು ಮಿಷನ್ನಿನ ಮೇಲೆ ನಿಂತಿತು.

ಅತ್ತೆ ಉಗುಳು ನುಂಗಲಿಲ್ಲ. ದಾರ ಹಲ್ಲಿನಿಂದ ಕಡಿದು, "ಇಬ್ರು" ಎಂದರು. "ದೊಡ್ಡಾಕೆ ನೆರಳಮ್ಮ, ಹಿರಿಯೂರು ಕಡೆ ಅದಾಳೆ. ಚಿಕ್ಕೋನು ತಿಮ್ಮೇಶ."